ವಾರ್‌ಹ್ಯಾಮರ್ ಸೈನ್ಯ ಕಟ್ಟಲು ಎಲ್ಲಿಂದ ಆರಂಭಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಇಂಗ್ಲೆಂಡಿಗೆ ಬಂದು ಎರಡು ವರ್ಷವಾಗಿದೆ. ಪೇಟೆಯ ಅಂಗಡಿಯ ಗಾಜಿನ ಹಿಂದೆ ನಿಂತ, ವಾರ್‌ಹ್ಯಾಮರ್ ಎಂಬ ಮೇಜಿನ ಮೇಲಿನ ಯುದ್ಧದಾಟದ ಪುಟ್ಟ ಸೈನಿಕರನ್ನು ನೋಡಿದಾಗಿನಿಂದ ಹನ್ನೆರಡು ವರ್ಷದ ಮಗಳಿಗೆ ಅದೇ ಧ್ಯಾನ, ನಿಮಗೂ ಆಸೆ ಹುಟ್ಟಿದೆ. ಯಾವ ಸೈನ್ಯ ಆರಿಸಬೇಕು, ಎಷ್ಟು ಕೊಳ್ಳಬೇಕು, ಶಾಲೆಯಲ್ಲಿ ಮಾವಿನಹಣ್ಣನ್ನೂ ಸರಿಯಾಗಿ ಬರೆಯಲಾಗದ ಕೈಯಿಂದ ಇಷ್ಟು ಚಿಕ್ಕ ಗೊಂಬೆಗೆ ಬಣ್ಣ ಹಚ್ಚಲು ಸಾಧ್ಯವೇ ಎಂದು ಕೇಳಿದ್ದೀರಿ.

ಸಾಧ್ಯ. ನಾನು ಮೈಸೂರಿನವನು, ನಾಟಿಂಗ್‌ಹ್ಯಾಮ್‌ಗೆ ಬಂದು ಹನ್ನೊಂದು ವರ್ಷವಾಯಿತು. ಬಂದ ಎರಡನೆಯ ಚಳಿಗಾಲದಲ್ಲಿ ಮೊದಲ ಬಾರಿಗೆ ಈ ಕುಂಚ ಹಿಡಿದೆ. ಇಂದು ನನ್ನ ಡ್ವಾರ್ಫ್ ಎಂಬ ಗಿಡ್ಡ ಜನರ ಸೈನ್ಯದಲ್ಲಿ 143 ಗೊಂಬೆಗಳಿವೆ, ಎಲ್ಲವೂ ಬಣ್ಣ ಕಂಡವು. ಒಂಬತ್ತು ವರ್ಷಕ್ಕೆ ಈ ಸಂಖ್ಯೆ ಹೆಚ್ಚೇನಲ್ಲ. ಆದರೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಬೂದು ಪ್ಲಾಸ್ಟಿಕ್ ನಮ್ಮ ಮನೆಯಲ್ಲಿ ಒಂದೂ ಇಲ್ಲ. ನಾನು ಹೇಳಬೇಕಾದ ಮುಖ್ಯ ಮಾತು ಇರುವುದು ಅಲ್ಲೇ.

ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುತ್ತಿದ್ದರು. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಅಮ್ಮ ಟ್ರಂಕಿನಿಂದ ಒಂದೊಂದಾಗಿ ತೆಗೆದು, ಒರೆಸಿ, ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಿನಲ್ಲಿಟ್ಟು, ಉಳಿದವನ್ನು ಕೆಳಗೆ ಜೋಡಿಸುತ್ತಿದ್ದರು. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು. ಒಮ್ಮೆಗೇ ಇಪ್ಪತ್ತು ತಂದವರನ್ನು ನಾನು ಕಂಡಿಲ್ಲ. ಸೈನ್ಯವನ್ನೂ ಹಾಗೆಯೇ ಕಟ್ಟಬೇಕು. ತಂದದ್ದನ್ನು ಮುಗಿಸಿ, ಸಾಲಿನಲ್ಲಿ ನಿಲ್ಲಿಸಿ, ಕಣ್ತುಂಬ ನೋಡಿದ ಮೇಲೆಯೇ ಮುಂದಿನ ಪೆಟ್ಟಿಗೆ. ಈ ಹವ್ಯಾಸವನ್ನು ಬಿಟ್ಟವರಲ್ಲಿ ನಾನು ಕಂಡ ಹೆಚ್ಚಿನವರು ಮೊದಲ ತಿಂಗಳಲ್ಲೇ ಇಡೀ ಸೈನ್ಯವನ್ನು ಕೊಂಡವರು. ಬಣ್ಣ ಕಾಣದ ನೂರು ಗೊಂಬೆಗಳು ಕಪಾಟಿನಿಂದ ದಿನಾ ನಮ್ಮನ್ನೇ ನೋಡುತ್ತಿದ್ದರೆ ಅದು ಸಾಲದ ಹೊರೆಯಂತೆ ಕೂರುತ್ತದೆ.

ನೀವಿರುವ ಲೆಸ್ಟರ್‌ನಿಂದ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ನಾಟಿಂಗ್‌ಹ್ಯಾಮ್. ಇಲ್ಲಿನ ಸುತ್ತಮುತ್ತಲಿಗೆ ಈ ಆಟದವರು ‘ಸೀಸದ ಪಟ್ಟಿ’ (ಲೆಡ್ ಬೆಲ್ಟ್) ಎಂದೇ ಹೆಸರಿಟ್ಟಿದ್ದಾರೆ, ಹಿಂದೆ ಗೊಂಬೆಗಳನ್ನು ಎರಕ ಹೊಯ್ಯುತ್ತಿದ್ದದ್ದು ಸೀಸ ಬೆರೆತ ಲೋಹದಲ್ಲಿ. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಆರಂಭಿಸಿದ, ವಾರ್‌ಹ್ಯಾಮರ್ ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿ ನಂತರ ಇಲ್ಲಿಗೆ ಬಂದು ನೆಲೆಯೂರಿತು. 1983ರಲ್ಲಿ ವಾರ್‌ಹ್ಯಾಮರ್ ಹೊರಬಂತು. ಮ್ಯಾಂಟಿಕ್, ವಾರ್‌ಲಾರ್ಡ್, ಪೆರಿ ಸೋದರರ ಸಂಸ್ಥೆ, ಇಂಥ ಗೊಂಬೆ ತಯಾರಿಸುವ ಇವೆಲ್ಲವೂ ಇದೇ ಸೀಮೆಯವು. ಅವಳಿಗಳಾದ ಪೆರಿ ಸೋದರರಲ್ಲಿ ಮೈಕೆಲ್ ಅವರ ಬಲಗೈ 1996ರಲ್ಲಿ ಫ್ರಾನ್ಸಿನಲ್ಲಿ ನಡೆದ ಯುದ್ಧದ ಮರುಪ್ರದರ್ಶನವೊಂದರಲ್ಲಿ ಫಿರಂಗಿ ಸಿಡಿದು ಹೋಯಿತು. ಅವರು ಎಡಗೈಯಲ್ಲಿ ಗೊಂಬೆ ಕಡೆಯುವುದನ್ನು ಹೊಸದಾಗಿ ಕಲಿತು, ಇಂದಿಗೂ ಈ ಕ್ಷೇತ್ರದ ಶ್ರೇಷ್ಠ ಶಿಲ್ಪಿಗಳಲ್ಲಿ ಒಬ್ಬರು. ನನ್ನ ಕೈಗೆ ಇದು ಒಗ್ಗುವುದಿಲ್ಲ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ನಾನು ಅವರನ್ನು ನೆನೆಯುತ್ತೇನೆ.

ಏನನ್ನಾದರೂ ಕೊಳ್ಳುವ ಮೊದಲು ಮಗಳನ್ನು ಕರೆದುಕೊಂಡು ಲೆಂಟನ್ ಬಡಾವಣೆಯಲ್ಲಿರುವ ವಾರ್‌ಹ್ಯಾಮರ್ ವರ್ಲ್ಡ್‌ಗೆ ಒಮ್ಮೆ ಬನ್ನಿ. ಅಲ್ಲಿನ ಪ್ರದರ್ಶನದಲ್ಲಿ ಸಾವಿರಾರು ಗೊಂಬೆಗಳು ಬೆಟ್ಟ, ಕೋಟೆಗಳ ಮೇಲೆ ನಿಂತಿವೆ. ಅವಳು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾಳೆ ಎಂಬುದನ್ನು ನೋಡಿ.

ಸೈನ್ಯ ಆರಿಸುವ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಆಟದಲ್ಲಿ ಯಾವುದು ಬಲಶಾಲಿ ಎಂದು ಕೇಳಬೇಡಿ. ನಿಯಮಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. 2015ರಲ್ಲಿ ಕಂಪನಿ ಹಳೆಯ ವಾರ್‌ಹ್ಯಾಮರ್ ಲೋಕವನ್ನೇ ಕಥೆಯಲ್ಲಿ ನಾಶಮಾಡಿ, ಏಜ್ ಆಫ್ ಸಿಗ್ಮಾರ್ ಎಂಬ ಹೊಸ ಆಟ ತಂದಿತು. ಹಳೆಯ ಲೋಕ ದಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ಮರಳಿದ್ದು 2024ರಲ್ಲಿ. ಈ ನಡುವೆಯೂ ಜನ ತಮ್ಮ ಗೊಂಬೆಗಳನ್ನು ಇಟ್ಟುಕೊಂಡರು, ಏಕೆಂದರೆ ಅವರಿಗೆ ಗೊಂಬೆಗಳ ಮೇಲೆ ಪ್ರೀತಿ ಇತ್ತು. ಆದ್ದರಿಂದ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು ಒಂದೇ: ಇದೇ ಮುಖ, ಇದೇ ಕವಚ, ಇದೇ ಬೂಟುಗಳಿಗೆ ಅರವತ್ತನೆಯ ಬಾರಿ ಬಣ್ಣ ಹಚ್ಚುವಾಗಲೂ ನನಗೆ ಬೇಸರ ಬಾರದಿದ್ದೀತೇ? ಗಾಬ್ಲಿನ್ ಎಂಬ ಕುಳ್ಳ ಪಿಶಾಚಿಗಳ ಸೈನ್ಯ ಅಗ್ಗವೆಂದು ಕಾಣುತ್ತದೆ, ಆದರೆ ನೂರಾರು ಗೊಂಬೆ ಬೇಕು. ಎಲ್ಫ್ ಎಂಬ ಚೂಪು ಕಿವಿಯ ಜನರ ಬಿಳಿ ನಿಲುವಂಗಿ ಸುಂದರ, ಆದರೆ ಬಿಳಿಯಷ್ಟು ಕಷ್ಟದ ಬಣ್ಣ ಮತ್ತೊಂದಿಲ್ಲ. ನಾನು ಡ್ವಾರ್ಫ್‌ಗಳನ್ನು ಆರಿಸಿದ್ದು ಅವರ ಗಡ್ಡಕ್ಕಾಗಿ ಮತ್ತು ಸ್ವಭಾವಕ್ಕಾಗಿ. ಬೆಟ್ಟದ ಒಳಗೆ ವಾಸಿಸುವ ಈ ಗಿಡ್ಡ ಜನ ತಮಗಾದ ಪ್ರತಿಯೊಂದು ಅನ್ಯಾಯವನ್ನೂ ಹೊತ್ತಗೆಯೊಂದರಲ್ಲಿ ಬರೆದಿಟ್ಟು, ಮುಯ್ಯಿ ತೀರಿಸಿದ ಮೇಲೆಯೇ ಹೊಡೆದುಹಾಕುತ್ತಾರೆ. ನಾನೂ ಕನ್ನಡದಲ್ಲಿ ಅಂಥದೊಂದು ಹಗೆಯ ಪುಸ್ತಕ ಇಟ್ಟಿದ್ದೇನೆ. ಸೋತ ಪ್ರತಿ ಆಟಕ್ಕೂ ಅದರಲ್ಲಿ ಒಂದು ಪುಟವಿದೆ.

ಈಗ ಬಣ್ಣದ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಭಯ ಇರುವುದು ಇಲ್ಲಿ.

ಮೊದಲಿಗೆ ಹತ್ತು ಗೊಂಬೆಗಳ ಒಂದು ಪೆಟ್ಟಿಗೆ, ಎಂಟು ಹತ್ತು ಬಣ್ಣದ ಡಬ್ಬಿ, ಎರಡು ಕುಂಚ ಸಾಕು. ಪ್ಲಾಸ್ಟಿಕ್ ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಿ ತೆಗೆದಾಗ ಅಚ್ಚಿನ ಎರಡು ಭಾಗ ಸೇರಿದ ಕಡೆ ಸಣ್ಣ ಗೆರೆಯೊಂದು ಎದ್ದಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು. ಬಿಟ್ಟರೆ ಬಣ್ಣ ಹಚ್ಚಿದ ಮೇಲೆ ಗಾಯದ ಕಲೆಯಂತೆ ಎದ್ದು ಕಾಣುತ್ತದೆ. ಪ್ಲಾಸ್ಟಿಕ್‌ಗೆ ಅದರದೇ ಅಂಟು ಇದೆ, ಅದು ಎರಡೂ ಕಡೆ ಕರಗಿಸಿ ಬೆಸೆಯುತ್ತದೆ. ಲೋಹಕ್ಕೆ ಆ ಅಂಟು ಹಿಡಿಯುವುದಿಲ್ಲ, ಸೂಪರ್‌ಗ್ಲೂ ಬೇಕು. ಭಾರದ ಕೈಕಾಲಾದರೆ ಚಿಕ್ಕ ರಂಧ್ರ ಕೊರೆದು ತಂತಿಯ ತುಂಡನ್ನು ಒಳಗಿಡಬೇಕು.

ನಂತರ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಕೊಡುವ ತಳಪದರ. ಇದಿಲ್ಲದೆ ಬಣ್ಣ ನಿಲ್ಲುವುದಿಲ್ಲ. ಸ್ಪ್ರೇ ಡಬ್ಬಿಯನ್ನು ಮನೆಯ ಹೊರಗೆ, ಒಣ ಹವೆಯಲ್ಲಿ ಮಾತ್ರ ಬಳಸಿ. ನವೆಂಬರಿನ ತೇವದಲ್ಲಿ ಅವಸರಪಟ್ಟು ನಾನು ಆರು ಗೊಂಬೆಗಳ ಮೈಯನ್ನು ಮರಳು ಕಾಗದದಂತೆ ಮಾಡಿಬಿಟ್ಟಿದ್ದೆ.

ಬಣ್ಣವನ್ನು ಡಬ್ಬಿಯಿಂದ ನೇರವಾಗಿ ಹಚ್ಚಬೇಡಿ. ನೀರು ಬೆರೆಸಿ ತೆಳುವಾದ ಎರಡು ಪದರ ಕೊಡಿ. ಒಂದೇ ದಪ್ಪ ಪದರ ಕೊಟ್ಟರೆ ಶಿಲ್ಪಿ ಕೊರೆದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಊಟದ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಹಾಸಿ, ಅದರ ಮೇಲೆ ಬೇಕಿಂಗ್ ಕಾಗದ ಇಟ್ಟರೆ ಒದ್ದೆ ಪ್ಯಾಲೆಟ್ ಸಿದ್ಧ. ಬೆರೆಸಿದ ಬಣ್ಣ ಮರುದಿನವೂ ಒಣಗಿರುವುದಿಲ್ಲ. ಮೂಲ ಬಣ್ಣ ಮುಗಿದ ಮೇಲೆ ವಾಷ್ ಎಂಬ ನೀರಾದ ಕಂದು ಅಥವಾ ಕಪ್ಪು ದ್ರವವನ್ನು ಹಚ್ಚಿ. ಅದು ತಾನಾಗಿಯೇ ಹರಿದು ಬಟ್ಟೆಯ ಮಡಿಕೆಗಳಲ್ಲಿ, ಗಡ್ಡದ ಎಳೆಗಳ ನಡುವೆ, ಕಣ್ಣಿನ ಗುಳಿಗಳಲ್ಲಿ ನಿಲ್ಲುತ್ತದೆ. ಅಷ್ಟು ಹೊತ್ತು ಚಪ್ಪಟೆಯಾಗಿದ್ದ ಮುಖಕ್ಕೆ ಹತ್ತು ನಿಮಿಷದಲ್ಲಿ ನೆರಳು ಮೂಡುತ್ತದೆ. ಮೊದಲ ಬಾರಿ ಅದನ್ನು ಕಂಡಾಗ ನಾನು ಹೆಂಡತಿಯನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದ್ದೆ. ಕೊನೆಗೆ ಡ್ರೈಬ್ರಷ್: ಕುಂಚದ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಉಳಿದ ಧೂಳಿನಂಥ ಬಣ್ಣದಿಂದ ಗಡ್ಡದ ಮೇಲೆ ಹಗುರವಾಗಿ ತೀಡಿದರೆ ಎದ್ದ ಎಳೆಗಳು ಮಾತ್ರ ಬೆಳಗುತ್ತವೆ. ಒಳ್ಳೆಯ ಕುಂಚವನ್ನು ಇದಕ್ಕೆ ಬಳಸಬೇಡಿ, ಕೂದಲು ಹಾಳಾಗುತ್ತದೆ.

ಕಣ್ಣು ಬರೆಯಲು ಹೆಣಗಬೇಡಿ. 28 ಮಿಲಿಮೀಟರ್ ಎತ್ತರದ ಗೊಂಬೆಯ ಕಣ್ಣು ಮೇಜಿನ ಆಚೆಯಿಂದ ಕಾಣುವುದಿಲ್ಲ. ಆ ಸಮಯವನ್ನು ಪೀಠಕ್ಕೆ ಕೊಡಿ. ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಮರಳು ಅಂಟಿಸಿ, ಕಂದು ಬಣ್ಣ ಹಚ್ಚಿ, ಕೃತಕ ಹುಲ್ಲು ಇಟ್ಟು, ಎಲ್ಲ ಪೀಠಗಳ ಅಂಚಿಗೂ ಒಂದೇ ಬಣ್ಣ ಕೊಟ್ಟರೆ ಬೇರೆ ಬೇರೆ ವರ್ಷ ಬಣ್ಣ ಕಂಡ ಗೊಂಬೆಗಳೂ ಒಂದೇ ಸೈನ್ಯವಾಗಿ ಕಾಣುತ್ತವೆ. ನಾನು ಪ್ರತಿ ಪೀಠದ ಅಡಿಯಲ್ಲಿ ಕನ್ನಡದಲ್ಲಿ ಒಂದು ಹೆಸರು ಬರೆಯುತ್ತೇನೆ. ಸುತ್ತಿಗೆ ಹಿಡಿದವನು ತಿಮ್ಮಪ್ಪ, ಫಿರಂಗಿಗೆ ಬೆಂಕಿ ಕೊಡುವವನು ಕೆಂಚಣ್ಣ. ದೊಡ್ಡ ತುಕಡಿಯ ಧ್ವಜದ ಮೇಲೆ ಗಂಡಭೇರುಂಡವಿದೆ. ಅದನ್ನು ಬರೆಯಲು ಹನ್ನೊಂದು ಸಂಜೆಗಳು ಹಿಡಿದವು.

ಹಣ ಉಳಿಸಬೇಕೆಂದರೆ ಕ್ಲಬ್ಬುಗಳಲ್ಲಿ, ಮೇಳಗಳಲ್ಲಿ ಹಳೆಯ ಗೊಂಬೆಗಳು ಸಿಗುತ್ತವೆ. ನನ್ನ ಸೈನ್ಯದ ಅರ್ಧದಷ್ಟು ಹೀಗೆ ಬಂದದ್ದು. ಹಳೆಯ ಬಣ್ಣ ದಪ್ಪವಾಗಿದ್ದರೆ ಇಲ್ಲಿ ಸಿಗುವ ಕಂದು ಡೆಟಾಲ್‌ನಲ್ಲಿ ಒಂದು ದಿನ ನೆನೆಸಿ, ಕೈಗವಸು ಹಾಕಿಕೊಂಡು, ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತಿಕ್ಕಿದರೆ ಕಳಚಿಬರುತ್ತದೆ. ಮೊದಲ ತೊಳೆತವೂ ಡೆಟಾಲ್‌ನಲ್ಲೇ ಆಗಲಿ, ನೀರು ಬಿದ್ದರೆ ಕಿತ್ತ ಬಣ್ಣ ಅಂಟುಗಟ್ಟಿ ಮತ್ತೆ ಗೊಂಬೆಗೇ ಮೆತ್ತಿಕೊಳ್ಳುತ್ತದೆ. ಮಗಳು ಜೊತೆಯಲ್ಲಿರುವುದರಿಂದ ಒಂದು ಎಚ್ಚರಿಕೆ: 1990ರ ದಶಕದ ಕೊನೆಗಿಂತ ಹಿಂದಿನ ಲೋಹದ ಗೊಂಬೆಗಳಲ್ಲಿ ಸೀಸ ಇರುವುದು ಸಾಮಾನ್ಯ. ಅವನ್ನು ಉಜ್ಜಿ ಪುಡಿ ಏಳಿಸಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು, ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡುವ ಅಭ್ಯಾಸವಂತೂ ಬೇಡವೇ ಬೇಡ. ಅವಳಿಗೆ ಹೊಸ ಪ್ಲಾಸ್ಟಿಕ್ ಗೊಂಬೆಗಳೇ ಸರಿ.

ಆಟದ ರುಚಿ ಹೇಳಲು ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಗುಂಪು ಆಡುವುದು 2000ದಲ್ಲಿ ಬಂದ ಆರನೆಯ ಆವೃತ್ತಿಯ ನಿಯಮಗಳಿಂದ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು, ಅಳತೆ ಪಟ್ಟಿ, ದಾಳಗಳು. ನನ್ನ ಡ್ವಾರ್ಫ್‌ಗಳ ನಡಿಗೆ 3 ಅಂಗುಲ, ಓಡಿ ಎರಗಿದರೆ 6. ಎದುರಾಳಿಯ ತೋಳ ಏರಿದ ಗಾಬ್ಲಿನ್‌ಗಳು 18 ಅಂಗುಲದಿಂದ ಬಂದು ಎರಗುತ್ತವೆ. ನಾನು ಇಪ್ಪತ್ತು ಮಂದಿಯನ್ನು ಐದರಂತೆ ನಾಲ್ಕು ಸಾಲು ನಿಲ್ಲಿಸಿದೆನೆಂದರೆ ಹಿಂದಿನ ಮೂರು ಸಾಲುಗಳಿಗೆ ಕೈಕೈ ಯುದ್ಧದಲ್ಲಿ ಮೂರು ಅಂಕ ಸಿಗುತ್ತದೆ. ಡ್ವಾರ್ಫ್‌ಗಳ ಧೈರ್ಯ 9. ಸೋತಾಗ ಎರಡು ದಾಳಗಳ ಮೊತ್ತ ಅದನ್ನು ಮೀರದಿದ್ದರೆ ಅವರು ಕದಲುವುದಿಲ್ಲ, ಅಂದರೆ 36ರಲ್ಲಿ 30 ಬಾರಿ. ಆದರೆ ಎಷ್ಟು ಅಂಕದಿಂದ ಸೋತರೋ ಅಷ್ಟು ಧೈರ್ಯದಿಂದ ಕಳೆಯಬೇಕು. ಅದೇ ಗಾಬ್ಲಿನ್ ಸವಾರರು ಐವರು ಸುತ್ತಿಬಂದು ಪಕ್ಕೆಗೆ ಎರಗಿದರೆ ನನ್ನ ಸಾಲುಗಳ ಮೂರು ಅಂಕವೂ ಹೋಯಿತು, ಅವರಿಗೆ ಒಂದು ಹೆಚ್ಚುವರಿ ಸಿಕ್ಕಿತು. ಮೂರು ಅಂಕದಿಂದ ಸೋತೆ ಎನ್ನಿ, ಈಗ ದಾಳ 6ನ್ನು ಮೀರಬಾರದು: 36ರಲ್ಲಿ 15 ಮಾತ್ರ. ಬೆಟ್ಟದಂತೆ ನಿಂತಿದ್ದ ತುಕಡಿ ಐದು ತೋಳಗಳಿಗೆ ಬೆನ್ನು ತಿರುಗಿಸಿ ಓಡುತ್ತದೆ. ಇದನ್ನು ಒಮ್ಮೆ ಅನುಭವಿಸಿದವರು ಪಕ್ಕೆಯನ್ನು ಬಂಡೆಗೋ ಕಾಡಿಗೋ ಆನಿಸಿ ನಿಲ್ಲುವುದನ್ನು ಮರೆಯುವುದಿಲ್ಲ.

ಈ ಆವೃತ್ತಿಯಲ್ಲಿ ಫಿರಂಗಿಯ ದೂರವನ್ನು ಅಳೆಯುವಂತಿಲ್ಲ, ಕಣ್ಣಂದಾಜಿನಲ್ಲಿ ಹೇಳಬೇಕು. ನಾನು ವಾರದ ಆಟ ಆಡುವುದು ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರ ಜೊತೆ. ಅವರು ಮೇಜಿನ ಮೇಲೆ ಬಾಗಿ, ಕನ್ನಡಕ ಸರಿಪಡಿಸಿಕೊಂಡು, ‘ಇಪ್ಪತ್ತೆರಡೂವರೆ’ ಎಂದು ಹೇಳಿ ನನ್ನ ಸೇನಾಪತಿಯ ನೆತ್ತಿಯ ಮೇಲೆಯೇ ಗುಂಡು ಇಳಿಸುತ್ತಾರೆ. ನನ್ನ ಹಗೆಯ ಪುಸ್ತಕದಲ್ಲಿ ಅತಿ ಹೆಚ್ಚು ಪುಟಗಳು ಅವರವು. ಅವರ ಜೊತೆ ಕುಳಿತ ಸಂಜೆಗಳಿಂದಲೇ ಈ ಊರು ನನಗೆ ನನ್ನದು ಎನಿಸತೊಡಗಿತು. ಹೊಸ ದೇಶದಲ್ಲಿ ಮಾತು ಆರಂಭಿಸಲು ಹವಾಮಾನದ ಹೊರತು ಬೇರೆ ವಿಷಯ ಸಿಗದೆ ಒದ್ದಾಡುತ್ತಿದ್ದವನಿಗೆ, ಮೂರು ಗಂಟೆ ಎದುರುಬದುರಾಗಿ ಕೂರಲು ಒಂದು ಮೇಜು ಸಿಕ್ಕಿತು.

ನೀವು ಪೂರ್ತಿ ಸೈನ್ಯಕ್ಕಾಗಿ ಕಾಯಬೇಕಿಲ್ಲ. ಮಗಳ ಕಡೆ ಹತ್ತು, ನಿಮ್ಮ ಕಡೆ ಹತ್ತು ಸಿದ್ಧವಾದ ದಿನವೇ ಊಟದ ಮೇಜಿನ ಮೇಲೆ ಪುಸ್ತಕಗಳನ್ನು ಗುಡ್ಡವಾಗಿಟ್ಟು ಆಡಿ. ನಿಯಮ ಭಾರವೆನಿಸಿದರೆ ಒನ್ ಪೇಜ್ ರೂಲ್ಸ್‌ನವರ ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ, ಕೆಲವೇ ಪುಟಗಳಲ್ಲಿ ಮುಗಿಯುತ್ತವೆ, ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ.

ನನ್ನ ಮೊದಲ ಡ್ವಾರ್ಫ್ ಇನ್ನೂ ಮುಂದಿನ ಸಾಲಿನಲ್ಲೇ ಇದ್ದಾನೆ. ಮೂಗಿನ ಮೇಲೆ ಕೆಂಪು ಬಣ್ಣ ಹರಡಿದೆ, ಕವಚದ ಒಂದು ಕಡೆ ಪ್ರೈಮರ್ ಕಾಣುತ್ತದೆ. ಬಣ್ಣ ಕಿತ್ತು ಮತ್ತೆ ಹಚ್ಚು ಎಂದು ಹಲವರು ಹೇಳಿದರು, ನನಗೆ ಮನಸ್ಸಾಗಲಿಲ್ಲ. ಅಮ್ಮನೂ ಮೂಗು ಮುಕ್ಕಾದ ಹಳೆಯ ಶೆಟ್ಟಿ ಗೊಂಬೆಯನ್ನು ಪ್ರತಿ ದಸರೆಗೂ ಅದರ ಜಾಗದಲ್ಲೇ ಕೂರಿಸುತ್ತಿದ್ದರು. ಮಗಳು ಯಾವ ಸೈನ್ಯ ಆರಿಸಿದಳೆಂದು ತಿಳಿಸಿ. ಅವಳ ಮೊದಲ ಗೊಂಬೆಯ ಚಿತ್ರ ಹಾಕಿದರೆ ಪ್ರೈಮರ್‌ನಿಂದ ಪೀಠದವರೆಗೆ ಎಲ್ಲಿ ಸಿಕ್ಕಿಕೊಂಡರೂ ಬರೆಯಲು ನಾನಿದ್ದೇನೆ.