ಹಿಡಿತದ ಲೇಖನ: ಸಂಪಾದಕರ ಉತ್ತರ

ನಮಸ್ಕಾರ.

ವಸ್ತುಗಳನ್ನು ಎತ್ತುವಾಗ ಬೆರಳು ಬಲವನ್ನು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಸೊಗಸಾಗಿದೆ, ವಿಜ್ಞಾನ ಎಡವಿದೆ.

‘ಭಾರ ತಿಳಿದ ಮೇಲೆ ಎಷ್ಟು ಒತ್ತಬೇಕೆಂದು ಮಿದುಳು ತೀರ್ಮಾನಿಸುತ್ತದೆ’ ಎಂದಿದ್ದೀರಿ. ನಡೆಯುವುದು ತಿರುವುಮುರುವು. ಭಾರ ಗೊತ್ತಾಗುವುದು ವಸ್ತು ಮೇಜು ಬಿಟ್ಟಾಗ. ಅಷ್ಟರೊಳಗೆ ಒತ್ತುವ ಬಲ, ಎತ್ತುವ ಬಲ ಎರಡೂ ಜೊತೆಜೊತೆಯಾಗಿ ಏರಿರುತ್ತವೆ. ಏರಿಕೆಯ ವೇಗವನ್ನು ಹಿಂದಿನ ಸಲದ ನೆನಪು ಮತ್ತು ಕಣ್ಣಂದಾಜು ಮೊದಲೇ ಗೊತ್ತುಮಾಡಿರುತ್ತವೆ. ತುಂಬಿದೆ ಅಂದುಕೊಂಡ ಸ್ಟೀಲ್ ಡಬ್ಬ ಖಾಲಿಯಿದ್ದರೆ ಕೈ ಸರ್ರನೆ ಮೇಲೇಳುವುದು ಅದಕ್ಕೇ. ಅಂದಾಜಿಗಿಂತ ಭಾರವಿದ್ದರೆ, ನಿರೀಕ್ಷಿಸಿದ ಹೊತ್ತಿಗೆ ‘ಮೇಜು ಬಿಟ್ಟಿತು’ ಎಂಬ ಸಂಕೇತ ಚರ್ಮದಿಂದ ಬರುವುದಿಲ್ಲ. ಆಗ ಬಲ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಏರುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಉಪನಿಷತ್ತಿನ ಪೀಠಿಕೆ ಬೇಡ.

ಘರ್ಷಣೆಯ ಹೆಸರೇ ಎಲ್ಲೂ ಇಲ್ಲ! ಸ್ವೀಡನ್ನಿನ ವಿಜ್ಞಾನಿಗಳಾದ ಯೋಹಾನ್ಸನ್ ಮತ್ತು ವೆಸ್ಟ್‌ಲಿಂಗ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಸ್ತುವಿನ ಹಿಡಿಯುವ ಭಾಗಕ್ಕೆ ಸ್ಯಾಂಡ್‌ಪೇಪರ್, ಸ್ವೇಡ್ ಚರ್ಮ, ರೇಷ್ಮೆ ಹಾಕಿ ನೋಡಿದ್ದರು. ತೂಕ ಅಷ್ಟೇ ಇದ್ದರೂ ರೇಷ್ಮೆಗೆ ಹೆಚ್ಚು ಬಿಗಿ ಬೇಕಾಯಿತು. ಓದುಗರಿಗೆ ಲೆಕ್ಕ ಕೊಡಿ: 400 ಗ್ರಾಂ ವಸ್ತುವಿನ ತೂಕ ಸುಮಾರು 4 ನ್ಯೂಟನ್ (ಬಲದ ಅಳತೆಮಾನ). ಹೆಬ್ಬೆರಳು, ತೋರುಬೆರಳು ತಲಾ 2 ನ್ಯೂಟನ್ ಹೊರುತ್ತವೆ. ಘರ್ಷಣಾಂಕ (ಮೇಲ್ಮೈ ಎಷ್ಟು ಜಾರದೆ ನಿಲ್ಲುತ್ತದೆ ಎಂಬುದರ ಅಳತೆ; ಕಡಿಮೆಯಿದ್ದಷ್ಟೂ ಜಾರು ಹೆಚ್ಚು) 0.5 ಇದ್ದರೆ ಪ್ರತಿ ಬೆರಳು ಕನಿಷ್ಠ 4 ನ್ಯೂಟನ್ ಒತ್ತಬೇಕು, 0.8 ಇದ್ದರೆ 2.5 ಸಾಕು. ಅದರ ಮೇಲೆ ಕೈ ಸ್ವಲ್ಪ ಹೆಚ್ಚುವರಿ ಇಟ್ಟುಕೊಳ್ಳುತ್ತದೆ. ತೀರಾ ಜಾಸ್ತಿಯಾದರೆ ಸ್ನಾಯು ದಣಿಯುತ್ತದೆ, ಮೊಟ್ಟೆ ಒಡೆಯುತ್ತದೆ.

‘ಜಾರಿದ್ದನ್ನು ಗಮನಿಸಿ ಬಿಗಿ ಮಾಡುತ್ತೇವೆ’ ಎಂಬ ಸಾಲನ್ನೂ ತೆಗೆಯಿರಿ. ಬೆರಳಡಿಯ ಕಿರು ಜಾರಿಕೆಗೆ ಬಿಗಿ ಹೆಚ್ಚುವುದಕ್ಕೆ ಸುಮಾರು 70–80 ಮಿಲಿಸೆಕೆಂಡ್ ಸಾಕು. ಎಷ್ಟೋ ಸಲ ಜಾರಿದ್ದೇ ನಮ್ಮ ಅರಿವಿಗೆ ಬಂದಿರುವುದಿಲ್ಲ.

ವಸ್ತು ಕೈಜಾರುವುದನ್ನೆಲ್ಲ ಸ್ನಾಯು ದೌರ್ಬಲ್ಯದ ತಲೆಗೆ ಕಟ್ಟಿದ್ದೀರಿ. ಬೆರಳಿಗೆ ಅರಿವಳಿಕೆ ಚುಚ್ಚಿದಾಗ ಸ್ನಾಯು ಸರಿಯೇ ಇರುತ್ತದೆ. ಆದರೂ ಮೇಲ್ಮೈ ಬದಲಾದದ್ದಕ್ಕೆ ತಕ್ಕಂತೆ ಹಿಡಿತ ಬದಲಾಗುವುದಿಲ್ಲ. ಸಾಮಾನ್ಯವಾಗಿ ಜನ ಅಗತ್ಯಕ್ಕಿಂತ ಗಟ್ಟಿಯಾಗಿ ಹಿಡಿಯುತ್ತಾರೆ, ಆದರೂ ವಸ್ತು ಜಾರಬಹುದು. ಮೂರನೇ ಪುಟವನ್ನು ಇದರ ಸುತ್ತ ಮತ್ತೆ ಬರೆಯಿರಿ.

ರೋಬಾಟ್ ಕೈಯ ಎರಡು ಪುಟಗಳು ಬೇರೆಯೇ ಲೇಖನ, ಸದ್ಯಕ್ಕೆ ಬದಿಗಿಡಿ. 900 ಪದಗಳೊಳಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.

— ಸಂಪಾದಕರು