ಬೀರುವಿನಲ್ಲಿ ಬಚ್ಚಿಟ್ಟ ಸ್ಕ್ಯಾನ್ ವರದಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆ ಕೇಳಿ ನನ್ನ ಬಳಿ ಮೊದಲು ಬಂದವನು ಮಗ. 52 ವರ್ಷದ ತಾಯಿಗೆ ಊಟದ ನಂತರ ಹೊಟ್ಟೆನೋವು ಬರುತ್ತಿತ್ತೆಂದು ಅಲ್ಟ್ರಾಸೌಂಡ್ ಮಾಡಿಸಿದ್ದರು. ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಜೊತೆಗೆ ಯಕೃತ್ತಿನ ಬಲಭಾಗದಲ್ಲಿ 2.4 ಸೆಂ.ಮೀ. ಅಳತೆಯ, ಅಂಚು ಸ್ಪಷ್ಟವಾಗಿದ್ದ, ಬಿಳಿಯಾಗಿ ಕಾಣುವ ಒಂದು ‘ಲೀಷನ್’, ಅಂದರೆ ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಾಣುವ ಕಲೆ. ಆತ ಮೊಬೈಲಿನಲ್ಲಿ ಹುಡುಕಿದ, ಕ್ಯಾನ್ಸರ್ ಎಂದು ಓದಿದ, ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. “ಅಮ್ಮ ತಡೆದುಕೊಳ್ಳುವುದಿಲ್ಲ ಮೇಡಂ, ಹೇಳದೆಯೇ ಧೈರ್ಯ ತುಂಬಿ” ಎಂಬುದು ಆತನ ಬೇಡಿಕೆ.

ತಾಯಿಗೆ ಆಗಲೇ ಅರ್ಧ ಗೊತ್ತಾಗಿತ್ತು. ಹಬ್ಬವಿಲ್ಲದೆ ಮಗಳು ತವರಿಗೆ ಬಂದಿದ್ದಳು. ಮಾತು ಬಿಟ್ಟಿದ್ದ ಓರಗಿತ್ತಿ ಸೇಬು ಹಿಡಿದು ಬಂದಿದ್ದರು. “ನನ್ನ ಲೆಕ್ಕ ಮುಗಿಯಿತೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ” ಎಂದು ತಾಯಿ ನಕ್ಕರು, ಆಮೇಲೆ ಅತ್ತರು. ಯಾರೋ ಹೇಳಿದರೆಂದು ನೆಲನೆಲ್ಲಿ ರಸ ಕುಡಿಯುತ್ತ, ರಕ್ತದೊತ್ತಡದ ಮಾತ್ರೆಯನ್ನೇ ಬಿಟ್ಟಿದ್ದರು. ಆ ಕಲೆಗಿಂತ ನನಗೆ ಹೆದರಿಕೆ ತಂದದ್ದು ಇದು.

ನಾನು ವೈದ್ಯೆಯಲ್ಲ. ಆದರೆ ವರದಿಯನ್ನು ಕೊನೆಯವರೆಗೆ ಓದಬಹುದಲ್ಲ! ಮಗನಿಂದ ತಾಯಿಯ ಎದುರೇ ಓದಿಸಿದೆ. ಕೊನೆಯ ಸಾಲಿನಲ್ಲಿ ‘ಹೆಮಾಂಜಿಯೋಮಾ ಇರಬಹುದು, ಸಿಟಿ ಸ್ಕ್ಯಾನ್‌ನಿಂದ ಖಚಿತಪಡಿಸಿಕೊಳ್ಳಿ’ ಎಂದಿತ್ತು. ಅದು ರಕ್ತನಾಳಗಳ ಗಂಟು. ಯಕೃತ್ತಿನ ನಿರುಪದ್ರವಿ ಗಂಟುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ, ಹೆಂಗಸರಲ್ಲಿ ಹೆಚ್ಚು. ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ. ನೀರುಗುಳ್ಳೆ, ಕೀವುಗಟ್ಟಿದ ಬಾವು, ಕ್ಯಾನ್ಸರ್ ಗಡ್ಡೆ ಎಲ್ಲವನ್ನೂ ವರದಿಗಳು ಲೀಷನ್ ಎಂದೇ ಕರೆಯುತ್ತವೆ.

ಹಾಗೆಂದು ‘ಏನೂ ಇಲ್ಲ ಬಿಡಿ’ ಎನ್ನಲಿಲ್ಲ. ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಅಥವಾ ಹೆಪಟೈಟಿಸ್ ಬಿ (ಯಕೃತ್ತಿನ ವೈರಸ್ ಸೋಂಕು) ಇರುವವರಲ್ಲಿ, ಹಿಂದೆ ಕ್ಯಾನ್ಸರ್ ಬಂದುಹೋದವರಲ್ಲಿ ಇಂಥದ್ದೇ ಕಲೆ ಕಂಡರೆ ವೈದ್ಯರು ಬೇರೆಯೇ ರೀತಿಯಲ್ಲಿ ನೋಡುತ್ತಾರೆ. ಆದ್ದರಿಂದ ಹಳೆಯ ಕಾಯಿಲೆಗಳನ್ನೂ ಹಾರ್ಮೋನ್ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ, ನೆಲನೆಲ್ಲಿ ರಸದ ವಿಷಯವನ್ನೂ ಮುಚ್ಚಿಡದೆ ಹೇಳಲು ತಿಳಿಸಿದೆ. ಹೆಪಟೈಟಿಸ್ ಬಿ, ಸಿ ರಕ್ತಪರೀಕ್ಷೆ ಬೇಕೇ ಎಂದು ಕೇಳಿ ಎಂದೆ. ‘ಸೂಜಿ ಹಾಕಿ ಪರೀಕ್ಷಿಸಿಬಿಡಿ’ ಎಂದು ತಾವಾಗಿ ಒತ್ತಾಯಿಸಬಾರದು. ಹೆಮಾಂಜಿಯೋಮಾದ ಸಂಶಯವಿದ್ದರೆ ರಕ್ತಸ್ರಾವದ ಭಯದಿಂದ ವೈದ್ಯರು ಸಾಮಾನ್ಯವಾಗಿ ಅದನ್ನು ತಪ್ಪಿಸುತ್ತಾರೆ. ಜ್ವರ, ಕಾಮಾಲೆ ಅಥವಾ ತಡೆಯಲಾಗದ ನೋವು ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡದ ಮಾತ್ರೆಯ ಬಗ್ಗೆ ಅಂದೇ ವೈದ್ಯರಿಗೆ ಫೋನ್ ಮಾಡಿಸಿದೆ.

ಮಗನಿಗೆ ಹೇಳಿದ್ದು ಒಂದೇ: ಮುಂದಿನ ಭೇಟಿಯಲ್ಲಿ ವೈದ್ಯರೊಂದಿಗೆ ಮಾತನಾಡಬೇಕಾದವರು ಅಮ್ಮ, ನೀನು ಪಕ್ಕದಲ್ಲಿ ಕುಳಿತು ಬರೆದುಕೋ.

ಸಿಟಿ ಸ್ಕ್ಯಾನ್‌ನಲ್ಲಿ ರಕ್ತನಾಳಕ್ಕೆ ಕೊಟ್ಟ ಬಣ್ಣದ ಔಷಧಿ ಗಂಟಿನ ಅಂಚಿನಿಂದ ಒಳಗೆ ನಿಧಾನವಾಗಿ ತುಂಬಿಕೊಂಡಿತು. ಅದು ಹೆಮಾಂಜಿಯೋಮಾದ ಲಕ್ಷಣ, ಆ ಗಂಟಿಗೆ ಚಿಕಿತ್ಸೆ ಬೇಡವೆಂದು ವೈದ್ಯರು ಹೇಳಿದರು. ಆ ಫಿಲ್ಮುಗಳನ್ನು ಜೋಪಾನವಾಗಿ ಇಟ್ಟುಕೊಂಡು, ಮುಂದೆ ಎಲ್ಲಿ ಸ್ಕ್ಯಾನ್ ಮಾಡಿಸಿದರೂ ಹೋಲಿಸಲು ಕೊಡಿ ಎಂದಿದ್ದೇನೆ.