*ಐಡಿಎನ್? ಕಳಿಸಿದರೆ ಟೈಮ್‌ಔಟ್: ಲೈನ್ ಫೀಡ್ ನೋಡಿ
ಕೋಡ್‌ನಿಂದ ಪವರ್ ಸಪ್ಲೈಗೆ ಕಳಿಸುವ ಕಮಾಂಡ್ ಕೊನೆಗೆ ಲೈನ್ ಫೀಡ್ (ಸಾಲು ಮುಗಿಯಿತು ಎನ್ನುವ ಅಕ್ಷರ) ಹೋಗುತ್ತಿಲ್ಲ ಅನಿಸುತ್ತದೆ. ಸೀರಿಯಲ್ ಪೋರ್ಟ್ ಓಪನ್ ಆಗುತ್ತದೆ, ಆದರೆ *ಐಡಿಎನ್? (*IDN?, ‘ನೀನು ಯಾವ ಸಾಧನ’ ಅಂತ ಕೇಳುವ ಕಮಾಂಡ್) ಕಳಿಸಿದರೆ ಟೈಮ್‌ಔಟ್ ಅಂದಿದ್ದೀರಿ, ಅಲ್ವಾ? ಸಾಲು ಮುಗಿಯಲಿ ಅಂತ ಪವರ್ ಸಪ್ಲೈ ಸುಮ್ನೆ ಕಾಯುತ್ತಾ ಕೂತಿರುತ್ತದೆ.

ಮೊದಲು ಲೋಡ್ (ಸಪ್ಲೈ ಔಟ್‌ಪುಟ್‌ಗೆ ಜೋಡಿಸಿದ ಸಾಧನ) ಬಿಚ್ಚಿಡಿ. ಕಮಾಂಡ್ ಕೊನೆಗೆ ಆಸ್ಕಿ 10 (ಲೈನ್ ಫೀಡ್‌ನ ಕೋಡ್) ಸೇರಿಸಿ ಕಳಿಸಿ. ಆಗಲೂ ಉತ್ತರ ಇಲ್ಲದಿದ್ದರೆ ಸಪ್ಲೈ ಮೆನುವಿನ ಬಾಡ್ ರೇಟ್ (ಡೇಟಾ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ನಿಮ್ಮ ಕೋಡ್‌ಗೆ ಹೊಂದುತ್ತವಾ ನೋಡಿ. ಆಮೇಲೆ ಕೇಬಲ್. ಸೀರಿಯಲ್ ಪೋರ್ಟ್ ಆರ್‌ಎಸ್-232 ಬಗೆಯದಾದರೆ 2 ಮತ್ತು 3ನೇ ಪಿನ್ ಅದಲುಬದಲಾದ ನಲ್ ಮೋಡೆಮ್ ಕೇಬಲ್ ಬೇಕಾಗಬಹುದು; ನೀವು ಸಪ್ಲೈ ಮಾಡೆಲ್ ಬರೆದಿಲ್ಲ, ಹಾಗಾಗಿ ಮ್ಯಾನುಯಲ್ ನೋಡಿಯೇ ಕೊಳ್ಳಿ.

ಉತ್ತರ ಬಂದ ಮೇಲೂ ವೋಲ್ಟೇಜ್ ಬದಲಾಗದಿದ್ದರೆ ಸಿಸ್ಟ್:ರೆಮ್ (SYST:REM, ರಿಮೋಟ್ ಮೋಡ್‌ಗೆ ಹಾಕುವ ಕಮಾಂಡ್) ಕಳಿಸಿ. ಕೆಲವು ಸಪ್ಲೈಗಳು ಅದಿಲ್ಲದೆ ಸೀರಿಯಲ್‌ನಲ್ಲಿ ಮಾತೇ ಕೇಳುವುದಿಲ್ಲ. ಬೀಪ್ ಬಂದರೆ ಸಿಸ್ಟ್:ಎರ್? (SYST:ERR?, ಏನು ತಪ್ಪಾಯಿತು ಅನ್ನುವ ಪ್ರಶ್ನೆ) ಕೇಳಿ, -113 ಬಂದರೆ ಕಮಾಂಡ್ ಹೆಸರೇ ತಪ್ಪು.